ಕಿಟಕಿ ಬ್ಲೈಂಡ್‌ನ ಸ್ಪ್ರಿಂಗ್: ಯಾವುದಕ್ಕೆ ದುಡ್ಡು ಹಾಕಬಹುದು, ಯಾವುದಕ್ಕೆ ಬೇಡ

ಬ್ಲೈಂಡ್ಸ್ ಅಂಗಡಿಯಲ್ಲಿ ಮೊದಲು ಕೈಗೆ ಬರುವುದು ಬಟ್ಟೆಯ ಸ್ಯಾಂಪಲ್ ಪುಸ್ತಕ. ಬಣ್ಣ ಯಾವುದು, ಬೆಳಕು ಪೂರ್ತಿ ತಡೆಯುವ ಬ್ಲ್ಯಾಕ್‌ಔಟೋ ಬಿಸಿಲು ಸೋಸುವ ಸನ್‌ಸ್ಕ್ರೀನೋ ಅನ್ನುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಬಟ್ಟೆ ಸುತ್ತಿಕೊಳ್ಳುವ ಟ್ಯೂಬಿನೊಳಗೆ ಏನು ಕೂರಿಸುತ್ತಾರೆ ಅನ್ನುವ ವಿಷಯ ಮಾತ್ರ "ಚೈನ್ ಬೇಕಾ, ಸ್ಪ್ರಿಂಗ್ ಬೇಕಾ ಸರ್?" ಎಂಬ ಒಂದೇ ಪ್ರಶ್ನೆಯಲ್ಲಿ ಮುಗಿದುಹೋಗುತ್ತದೆ. ಆದರೆ ಬಟ್ಟೆ ಮಾಸುವ ಮೊದಲೇ ಕೈಕೊಡುವುದು ಆ ಟ್ಯೂಬಿನೊಳಗಿನ ಸಾಮಾನು. ಅದಕ್ಕೇ ಇಲ್ಲಿ ಬಟ್ಟೆಯ ಸುದ್ದಿಯೇ ಇಲ್ಲ. ಸ್ಪ್ರಿಂಗ್ ಒಂದನ್ನೇ ಇಟ್ಟುಕೊಂಡು, ಯಾವ ಕಿಟಕಿಗೆ ಯಾವುದು ಒಪ್ಪುತ್ತದೆ, ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಎಂದಷ್ಟೇ ನೋಡೋಣ.

ಸ್ಪ್ರಿಂಗ್ ಎಂಬ ಒಂದು ಹೆಸರಿನಡಿ ಅಂಗಡಿಯಲ್ಲಿ ನಾಲ್ಕು ಬೇರೆ ಬೇರೆ ವಸ್ತು ಸಿಗುತ್ತವೆ. ಕೆಳಗೆಳೆದು ಬಿಟ್ಟರೆ ಸರ್ರನೆ ಮೇಲೇರುವ ಹಳೇ ಕಾಲದ ಸ್ಪ್ರಿಂಗ್ ರೋಲರ್ ಒಂದು. ಅದಕ್ಕೇ ಬ್ರೇಕ್ ಸೇರಿಸಿ ಮೆಲ್ಲಗೆ ಏರುವಂತೆ ಮಾಡಿದ್ದು ಎರಡನೆಯದು. ಚೈನ್ ಎಳೆದು ಏರಿಸುವ ದೊಡ್ಡ ಬ್ಲೈಂಡ್‌ನ ಇನ್ನೊಂದು ತುದಿಗೆ ಸಹಾಯಕ್ಕೆ ಹಾಕುವ ಬೂಸ್ಟರ್ ಸ್ಪ್ರಿಂಗ್ ಮೂರನೆಯದು. ನಾಲ್ಕನೆಯದು ಹಗ್ಗವಿಲ್ಲದ ವೆನೀಶಿಯನ್ (ಅಡ್ಡ ಪಟ್ಟಿಗಳದ್ದು) ಮತ್ತು ಹನಿಕೋಂಬ್ (ಜೇನುಗೂಡಿನಂತೆ ಮಡಿಕೆ ಬಟ್ಟೆಯದ್ದು) ಬ್ಲೈಂಡ್‌ಗಳ ಮೇಲಿನ ತಲೆಪಟ್ಟಿಯಲ್ಲಿ ಕೂರುವ ಚಪ್ಪಟೆ ಉಕ್ಕಿನ ಸ್ಪ್ರಿಂಗ್. ಒಂದರ ಗುಣ ನೋಡಿ ಇನ್ನೊಂದನ್ನು ಕೊಂಡರೆ ಮೋಸ ಹೋಗುತ್ತೀರಿ.

ಮೊದಲನೆಯದು ಎಲ್ಲಕ್ಕಿಂತ ಹಳೆಯದು. ಅಮೆರಿಕದ ಸ್ಟುವರ್ಟ್ ಹಾರ್ಟ್‌ಶಾರ್ನ್ 1864ರಲ್ಲಿ ಪೇಟೆಂಟ್ ಪಡೆದ ಸ್ಪ್ರಿಂಗ್ ರೋಲರ್‌ನ ಮೂಲ ಯುಕ್ತಿಯೇ ಇವತ್ತಿಗೂ ಇದರಲ್ಲಿ ನಡೆಯುತ್ತಿದೆ. ಟ್ಯೂಬಿನ ಒಂದು ತುದಿಯಲ್ಲಿ ದುಂಡು ಪಿನ್, ಇನ್ನೊಂದು ತುದಿಯಲ್ಲಿ ಚಪ್ಪಟೆ ಪಿನ್. ಚಪ್ಪಟೆಯದು ಬ್ರಾಕೆಟ್ಟಿನ ಸೀಳಿನಲ್ಲಿ ಕೂತು ಅಲ್ಲಾಡದೆ ನಿಲ್ಲುತ್ತದೆ, ಟ್ಯೂಬ್ ಅದರ ಸುತ್ತ ತಿರುಗುತ್ತದೆ. ಬ್ಲೈಂಡ್ ಎಳೆದಷ್ಟೂ ಒಳಗಿನ ಸ್ಪ್ರಿಂಗ್ ಬಿಗಿಯುತ್ತ ಹೋಗುತ್ತದೆ. ತುದಿಯಲ್ಲಿ ಒಂದು ಹಲ್ಲುಚಕ್ರ, ಅದರ ಮೇಲೆ ಸಡಿಲವಾಗಿ ಬೀಳುವ ಪುಟ್ಟ ಕೊಕ್ಕೆ. ಟ್ಯೂಬ್ ನಿಧಾನ ತಿರುಗಿದಾಗ ಕೊಕ್ಕೆ ಹಲ್ಲಿಗೆ ಬಿದ್ದು ಹಿಡಿದುಕೊಳ್ಳುತ್ತದೆ. ಜೋರಾಗಿ ತಿರುಗಿದಾಗ ವೇಗಕ್ಕೆ ಕೊಕ್ಕೆ ಹೊರಕ್ಕೇ ಉಳಿದು ಹಲ್ಲಿಗೆ ಸಿಗುವುದಿಲ್ಲ. "ಸ್ವಲ್ಪ ಎಳೆದು ಮೆಲ್ಲಗೆ ಬಿಡಿ, ನಿಲ್ಲುತ್ತೆ" ಎಂದು ಅಂಗಡಿಯವರು ಹೇಳುವುದರ ಹಿಂದಿರುವುದು ಇಷ್ಟೇ.

ಇದು ಸರಳ, ಅಗ್ಗ, ರಿಪೇರಿಗೆ ಸುಲಭ. ನಾಲ್ಕು ಅಡಿಯೊಳಗಿನ ಅಗಲದ ಮಲಗುವ ಕೋಣೆಯ ಕಿಟಕಿಗೆ ಇವತ್ತೂ ಧಾರಾಳವಾಗಿ ಹಾಕಬಹುದು. ಇದರ ದೊಡ್ಡ ಶತ್ರು ದೂಳು ಮತ್ತು ಎಣ್ಣೆ, ಎರಡೂ ಸೇರಿದರೆ ಕಥೆ ಮುಗಿಯಿತು. ಬ್ಲೈಂಡ್ ನಿಲ್ಲುತ್ತಿಲ್ಲ ಎಂದು ಅಡುಗೆ ಎಣ್ಣೆಯನ್ನೋ ಹೊಲಿಗೆ ಯಂತ್ರದ ಎಣ್ಣೆಯನ್ನೋ ಬಿಡುತ್ತಾರೆ. ಅದು ದೂಳಿನೊಂದಿಗೆ ಬೆರೆತು ಅಂಟಾಗಿ ಕೊಕ್ಕೆಯನ್ನು ಹಿಡಿದಿಟ್ಟುಬಿಡುತ್ತದೆ. ತುದಿಯನ್ನು ಒಣ ಬ್ರಷ್‌ನಲ್ಲಿ ಚೊಕ್ಕ ಮಾಡಿ, ಬೇಕೆನಿಸಿದರೆ ಪೆನ್ಸಿಲ್ಲಿನ ಸೀಸದ ಪುಡಿ ಉದುರಿಸಿದರೆ ಸಾಕು.

ಬಿಗಿ ಕಡಿಮೆಯಾಗಿ ಬ್ಲೈಂಡ್ ಪೂರ್ತಿ ಮೇಲಕ್ಕೆ ಹೋಗದಿದ್ದರೆ ಅರ್ಧದವರೆಗೆ ಎಳೆದು ನಿಲ್ಲಿಸಿ, ಹಾಗೇ ಬ್ರಾಕೆಟ್ಟಿನಿಂದ ತೆಗೆಯಿರಿ, ಬಟ್ಟೆಯನ್ನು ಕೈಯಲ್ಲೇ ಟ್ಯೂಬಿಗೆ ಪೂರ್ತಿ ಸುತ್ತಿ ಮತ್ತೆ ಕೂರಿಸಿ. ಐದು ಅಡಿ ಉದ್ದದ ಬ್ಲೈಂಡ್‌ನಲ್ಲಿ ಒಂದು ಸಲ ಹೀಗೆ ಮಾಡಿದರೆ ಐದಾರು ಸುತ್ತು ಹೆಚ್ಚು ಬಿಗಿ ಬರುತ್ತದೆ. ಬಿಗಿ ಜಾಸ್ತಿಯಾಗಿ ಮೇಲೆ ಹೊಡೆಯುತ್ತಿದ್ದರೆ ಇದರ ಉಲ್ಟಾ: ಮೇಲೆ ಸುತ್ತಿದ್ದಾಗಲೇ ತೆಗೆದು, ಕೈಯಲ್ಲಿ ಅರ್ಧ ಬಿಚ್ಚಿ, ಹಾಗೇ ಕೂರಿಸಿ. ಚಪ್ಪಟೆ ಪಿನ್ ಅನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸುವ ದಾರಿಯೂ ಇದೆ. ಆದರೆ ಕೊಕ್ಕೆ ಜಾರಿದರೆ ಪಿನ್ ಗಿರ್ರನೆ ತಿರುಗಿ ಬೆರಳು ಕೊಯ್ಯುತ್ತದೆ. ಇಕ್ಕಳವಿಲ್ಲದೆ ಬರಿಗೈಯಲ್ಲಿ ಮುಟ್ಟುವ ವಸ್ತುವಲ್ಲ ಅದು.

ಬ್ರೇಕ್ ಇರುವ ಎರಡನೇ ಬಗೆ ಇದೇ ಸ್ಪ್ರಿಂಗಿಗೆ ವೇಗ ತಡೆಯುವ ಡ್ಯಾಂಪರ್ ಜೋಡಿಸಿದ್ದು. ದಪ್ಪ ಸಿಲಿಕೋನ್ ಗ್ರೀಸಿನಲ್ಲಿ ತಿರುಗುವ ಬಿಲ್ಲೆಯೋ, ವೇಗ ಹೆಚ್ಚಿದಾಗ ಅಗಲವಾಗಿ ಗೋಡೆಗೆ ಉಜ್ಜುವ ತುಂಡುಗಳೋ ಒಳಗಿರುತ್ತವೆ. ಕೆಳಪಟ್ಟಿಯನ್ನು ಸ್ವಲ್ಪ ಎಳೆದು ಬಿಟ್ಟರೆ ಸದ್ದಿಲ್ಲದೆ ತಾನಾಗಿ ಮೇಲೇರುತ್ತದೆ. ಮಕ್ಕಳಿರುವ ಮನೆಗೆ ನಾಲ್ಕರಲ್ಲಿ ಮೊದಲು ಹೇಳಬೇಕಾದದ್ದು ಇದನ್ನೇ. ಡ್ಯಾಂಪರ್ ಕೆಟ್ಟಾಗ ಮಾತ್ರ ಬಿಚ್ಚಿ ಸರಿಮಾಡಲಾಗದು, ತುದಿಯ ಇಡೀ ಭಾಗವನ್ನೇ ಬದಲಿಸಬೇಕು. ಆ ಭಾಗ ಬಿಡಿಯಾಗಿ ಸಿಗುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿ, ಬಿಲ್ಲಿನಲ್ಲಿ ಮಾದರಿಯ ಹೆಸರು ಬರೆಸಿಕೊಳ್ಳಿ.

ಈ ಎರಡರಲ್ಲೂ ಅಂಗಡಿಯಲ್ಲಿ ಯಾರೂ ಹೇಳದ ತೊಡಕೊಂದಿದೆ: ಕೈಗೆ ಎಟಕುವುದು. ಕಿಟಕಿಯ ಕೆಳಗೆ ಅಡುಗೆ ಕಟ್ಟೆಯೋ ಮಂಚವೋ ಓದುವ ಮೇಜೋ ಇದ್ದರೆ, ಏಳಡಿ ಎತ್ತರದಲ್ಲಿರುವ ಕೆಳಪಟ್ಟಿಯನ್ನು ಹಿಡಿಯಲು ಪ್ರತಿ ಸಂಜೆ ಕಟ್ಟೆ ಹತ್ತಬೇಕಾಗುತ್ತದೆ. ಕೊನೆಗೆ ಒಂದು ದಾರ ಕಟ್ಟಿ ತೂಗಿಬಿಡುತ್ತಾರೆ. ಅಂಥ ಕಿಟಕಿಗೆ ಚೈನೇ ವಾಸಿ.

ಈಗ ಲೆಕ್ಕ. ಸ್ಪ್ರಿಂಗ್ ಎಷ್ಟು ಗಟ್ಟಿ ಅನ್ನುವುದು ಮುಖ್ಯವಲ್ಲ, ಬ್ಲೈಂಡ್‌ನ ತೂಕಕ್ಕೆ ಅದು ಎಷ್ಟು ಹೊಂದುತ್ತದೆ ಅನ್ನುವುದೇ ಮುಖ್ಯ. 1.2 ಮೀಟರ್ ಅಗಲ, 1.5 ಮೀಟರ್ ಉದ್ದದ ಬ್ಲ್ಯಾಕ್‌ಔಟ್ ರೋಲರ್ ಒಂದನ್ನು ತೆಗೆದುಕೊಳ್ಳಿ. ಬಟ್ಟೆ ಚದರ ಮೀಟರಿಗೆ 400 ಗ್ರಾಂ ಎಂದರೆ ಒಟ್ಟು 720 ಗ್ರಾಂ, ಕೆಳಪಟ್ಟಿ 300 ಗ್ರಾಂ. ಟ್ಯೂಬ್ 38 ಮಿಮೀ. ಪೂರ್ತಿ ಇಳಿದಾಗ ತೂಗುವುದು ಒಂದು ಕೆಜಿಗಿಂತ ಒಂದಿಷ್ಟು ಹೆಚ್ಚು, ಟ್ಯೂಬನ್ನು ತಿರುಗಿಸುವ ಬಲ ಸುಮಾರು 0.19 ನ್ಯೂಟನ್-ಮೀಟರ್. ಪೂರ್ತಿ ಏರಿದಾಗ ತೂಗುವುದು ಬರೀ ಕೆಳಪಟ್ಟಿ. ಸುತ್ತಿದ ಬಟ್ಟೆಯಿಂದ ಉರುಳೆ 47 ಮಿಮೀ ದಪ್ಪವಾಗಿದ್ದರೂ ಬಲ 0.07 ಮಾತ್ರ. ನಡುವೆ ಟ್ಯೂಬ್ ಹನ್ನೊಂದು ಸುತ್ತು ಹಾಕುತ್ತದೆ. ಹಾಗಾಗಿ ಒಂದೊಂದು ಸುತ್ತಿಗೂ 0.011ರಂತೆ ಬಿಗಿಯುವ ಸ್ಪ್ರಿಂಗಿಗೆ, ಬ್ಲೈಂಡ್ ಮೇಲಿದ್ದಾಗಲೇ ಆರೇಳು ಸುತ್ತು ಕೊಟ್ಟಿಟ್ಟರೆ ಎರಡೂ ತುದಿಯಲ್ಲಿ ತೂಕಕ್ಕೆ ಸರಿಯಾಗಿ ನಿಲ್ಲುತ್ತದೆ. ತಾನಾಗಿ ಏರಬೇಕಾದರೆ ಇನ್ನೂ ಎರಡು ಮೂರು ಸುತ್ತು ಜಾಸ್ತಿ ಬೇಕು.

ರೋಲರ್ ಬ್ಲೈಂಡ್‌ಗೂ ಸುರುಳಿ ಸ್ಪ್ರಿಂಗಿಗೂ ಜಾತಕ ಕೂಡುವುದು ಇಲ್ಲೇ: ಇಳಿದಷ್ಟೂ ತೂಕ ಹೆಚ್ಚು, ಇಳಿದಷ್ಟೂ ಸ್ಪ್ರಿಂಗ್ ಬಿಗಿ. ಇದನ್ನು ನೆನಪಿಟ್ಟುಕೊಳ್ಳಿ, ವೆನೀಶಿಯನ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಮೇಲಿನ ಬ್ಲೈಂಡ್‌ಗೆ 1.2 ಮಿಮೀ ತಂತಿಯ, 18 ಮಿಮೀ ವ್ಯಾಸದ, 200 ಸುರುಳಿಯ ಸ್ಪ್ರಿಂಗ್ ಲೆಕ್ಕಕ್ಕೆ ಸರಿಹೊಂದುತ್ತದೆ. ಒತ್ತಾಗಿ ಸುತ್ತಿದಾಗ ಅದರ ಉದ್ದ 240 ಮಿಮೀ. ಒಂದೊಂದು ಸುತ್ತು ಕೊಟ್ಟಾಗಲೂ ಒಂದು ಸುರುಳಿ ಹೆಚ್ಚಿ ಸ್ಪ್ರಿಂಗ್ ಉದ್ದವಾಗುತ್ತದೆ. ಮೊದಲು ಕೊಟ್ಟದ್ದೂ ಇಳಿಸುವಾಗಿನದೂ ಸೇರಿ 18 ಸುತ್ತಿಗೆ ಎರಡು ಸೆಂಟಿಮೀಟರಿಗಿಂತ ಹೆಚ್ಚು ಜಾಗ ಬಿಟ್ಟಿರಬೇಕು. ಬಿಡದಿದ್ದರೆ ಸುರುಳಿಗಳು ಒಂದನ್ನೊಂದು ಒತ್ತಿ ಟ್ಯೂಬಿನೊಳಗೆ ಗುರ್ ಗುರ್ ಸದ್ದು ಬರುತ್ತದೆ, ಕೊನೇ ಗೇಣು ಇಳಿಸುವಾಗ ಬ್ಲೈಂಡ್ ಹಟ ಹಿಡಿಯುತ್ತದೆ. ಹೊಸ ಬ್ಲೈಂಡ್‌ನಲ್ಲೇ ಈ ಸದ್ದಿದ್ದರೆ "ಸೆಟ್ ಆಗುತ್ತೆ" ಎಂಬ ಮಾತು ಒಪ್ಪಬೇಡಿ.

ತಂತಿ ದಪ್ಪದ ವಿಷಯವೂ ಹೀಗೇ ಸೂಕ್ಷ್ಮ. ಬಲ ತಂತಿಯ ವ್ಯಾಸದ ನಾಲ್ಕನೇ ಘಾತಕ್ಕೆ ಏರುವುದರಿಂದ ಶೇ. 10ರಷ್ಟು ದಪ್ಪ ಹೆಚ್ಚಿದರೆ ಬಿಗಿ ಶೇ. 46ರಷ್ಟು ಹೆಚ್ಚುತ್ತದೆ. ಬಚ್ಚಲಮನೆಯ ಎರಡಡಿ ಅಗಲದ ಕಿಟಕಿಗೆ ನಾಲ್ಕಡಿಯ ಬ್ಲೈಂಡ್‌ನ ಸ್ಪ್ರಿಂಗನ್ನೇ ಅರ್ಧ ಕತ್ತರಿಸಿ ಹಾಕಿದರೆ ಸುರುಳಿ ಅರ್ಧವಾಗಿ ಬಿಗಿ ಎರಡು ಪಟ್ಟಾಗುತ್ತದೆ, ತೂಕವೋ ಅರ್ಧಕ್ಕೆ ಇಳಿದಿರುತ್ತದೆ. ಅಲ್ಲಿಗೆ ನಾಲ್ಕು ಪಟ್ಟು ತಪ್ಪಿತು. ಅದಕ್ಕೆ ಬೇಕಾದದ್ದು 0.85 ಮಿಮೀ ಸುಮಾರಿನ ತಂತಿ. ಸಣ್ಣ ಕಿಟಕಿಯ ಸ್ಪ್ರಿಂಗ್ ಬ್ಲೈಂಡ್ ಇಷ್ಟೊಂದು ಒರಟಾಗಿ ಯಾಕೆ ಎಳೆಯುತ್ತದೆ ಎಂದು ಯೋಚಿಸಿದ್ದರೆ ಕಾರಣ ಇದೇ. ಒಂದೂವರೆ ಅಡಿಗಿಂತ ಕಿರಿದಾದ ಕಿಟಕಿಗೆ ಸ್ಪ್ರಿಂಗ್ ಬೇಡವೇ ಬೇಡ.

ದೊಡ್ಡ ಬಾಲ್ಕನಿ ಬಾಗಿಲಿಗೆ ಬಂದರೆ ಮಾತು ಬೇರೆ. ಎಂಟಡಿ ಅಗಲ, ಎಂಟಡಿ ಎತ್ತರಕ್ಕೆ ಅದೇ ಬಟ್ಟೆ ಹಾಕಿದರೆ ಪಟ್ಟಿ ಸೇರಿ ಮೂರು ಕೆಜಿ ಆಗುತ್ತದೆ. 38 ಮಿಮೀ ಟ್ಯೂಬ್ ನಡುವೆ ಬಾಗಿ ಬಟ್ಟೆಯಲ್ಲಿ ಓರೆ ಸುಕ್ಕು ಬೀಳಿಸುವುದರಿಂದ ಕನಿಷ್ಠ 45 ಮಿಮೀ ಟ್ಯೂಬ್ ಬೇಕು. ಟ್ಯೂಬ್ ದಪ್ಪವಾದಷ್ಟೂ ತಿರುಗಿಸುವ ಬಲವೂ ಏರುತ್ತದೆ, ಇಲ್ಲಿ ಸುಮಾರು 0.66 ನ್ಯೂಟನ್-ಮೀಟರ್. 6 ಮಿಮೀ ಅಂತರದ ಗುಂಡಿನ ಚೈನು 18 ಗುಂಡಿನ ಚಕ್ರದ ಮೇಲೆ ಓಡುತ್ತಿದ್ದರೆ ಕೈಗೆ ಬರುವ ಎಳೆತ ಸುಮಾರು ನಾಲ್ಕು ಕೆಜಿ, ಅದರ ಮೇಲೆ ಚೈನಿನ ಚಕ್ರವನ್ನು ಹಿಡಿದು ನಿಲ್ಲಿಸುವ ಕ್ಲಚ್ಚಿನ ಉಜ್ಜಾಟ ಬೇರೆ. ಮನೆಯ ಹಿರಿಯರು ಎಳೆಯುವುದು ಕಷ್ಟ. ಪ್ಲಾಸ್ಟಿಕ್ ಚೈನಿನ ಜೋಡಣೆ ಬಿಡುವುದೂ ಕ್ಲಚ್ಚಿನ ಹಲ್ಲು ಸವೆಯುವುದೂ ಇಂಥಲ್ಲೇ. ಚೈನಿಲ್ಲದ ತುದಿಯಲ್ಲಿ ಶೇ. 60ರಷ್ಟು ಭಾರ ಹೊರುವ ಬೂಸ್ಟರ್ ಕೂರಿಸಿದರೆ ಎಳೆತ 1.6 ಕೆಜಿಗೆ ಇಳಿಯುತ್ತದೆ. ಏಳಡಿ ದಾಟಿದ ಯಾವುದೇ ರೋಲರ್‌ಗೆ ಬೂಸ್ಟರ್ ಇಲ್ಲದೆ ಆರ್ಡರ್ ಕೊಡಬೇಡಿ. ಬಟ್ಟೆಯಲ್ಲಿ ಒಂದು ದರ್ಜೆ ಕೆಳಗಿಳಿದು ಉಳಿಸಿದ ಹಣವನ್ನು ಇದಕ್ಕೆ ಹಾಕಿ. ಬ್ಯಾಟರಿ ಮೋಟಾರ್ ಹಾಕಿಸುವವರಿಗೂ ಇದೇ ಮಾತು. ಸ್ಪ್ರಿಂಗ್ ಭಾರ ಹೊತ್ತಷ್ಟೂ ಚಾರ್ಜ್ ಹೆಚ್ಚು ದಿನ ಬರುತ್ತದೆ.

ಬೂಸ್ಟರಿನಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಎಡಗೈ ಬಲಗೈ ಅದಲು ಬದಲು. ಸುರುಳಿ ಸ್ಪ್ರಿಂಗ್ ಬಿಗಿಯುವ ದಿಕ್ಕಿನಲ್ಲೇ ಕೆಲಸ ಮಾಡಬೇಕು. ಬಿಚ್ಚುವ ದಿಕ್ಕಿನಲ್ಲಿ ತಿರುಗಿಸಿದರೆ ಸುರುಳಿ ಅಗಲವಾಗಿ ಟ್ಯೂಬಿನ ಒಳಗೋಡೆಗೆ ಉಜ್ಜಿ ಹಿಡಿದುಕೊಳ್ಳುತ್ತದೆ. ಅದಕ್ಕಾಗಿ ಎಡ, ಬಲ ಎಂದು ಬೇರೆ ಬೇರೆ ಸ್ಪ್ರಿಂಗ್ ಬರುತ್ತವೆ. ಫ್ಯಾಕ್ಟರಿಯಲ್ಲಿ ಸರಿಯಾಗಿಯೇ ಹಾಕಿರುತ್ತಾರೆ. ಕೆಡುವುದು ಮನೆಗೆ ಬಂದ ಮೇಲೆ. ಕಿಟಕಿಯ ಹ್ಯಾಂಡಲ್ಲಿಗೋ ಗ್ರಿಲ್ಲಿಗೋ ಬಟ್ಟೆ ತಾಗುತ್ತದೆಂದು ಫಿಟ್ಟರ್ ಬ್ಲೈಂಡನ್ನು ಹಿಂದುಮುಂದಾಗಿ ತಿರುಗಿಸಿ, ಬಟ್ಟೆ ಟ್ಯೂಬಿನ ಮುಂದಿನಿಂದ ಇಳಿಯುವಂತೆ ಮಾಡುತ್ತಾನೆ. ಚೈನನ್ನು ಎಡದಿಂದ ಬಲಕ್ಕೆ ಬದಲಿಸಿ ಎಂದು ಮನೆಯವರೇ ಹೇಳುವುದೂ ಉಂಟು. ಟ್ಯೂಬ್ ತಿರುಗುವ ದಿಕ್ಕೋ ಸ್ಪ್ರಿಂಗ್ ಕೂತ ತುದಿಯೋ, ಎರಡರಲ್ಲಿ ಒಂದೇ ಬದಲಾದರೆ ಸ್ಪ್ರಿಂಗ್ ಉಲ್ಟಾ ಆಯಿತು. ಅಳತೆಗೆ ಬಂದಾಗಲೇ ಹ್ಯಾಂಡಲ್ ಎಷ್ಟು ಮುಂದೆ ಚಾಚಿದೆ ಎಂದು ಅಳೆಸಿ, ಬಟ್ಟೆ ಹಿಂದಿನಿಂದ ಇಳಿಯಬೇಕೋ ಮುಂದಿನಿಂದಲೋ, ಚೈನ್ ಯಾವ ಕಡೆ ಎಂಬುದನ್ನು ಆರ್ಡರ್ ಚೀಟಿಯಲ್ಲಿ ಬರೆಸಿ.

ಸುತ್ತು ಕೊಡುವ ಕ್ರಮ ಹೀಗೆ. ಬಟ್ಟೆ ಪೂರ್ತಿ ಮೇಲೆ ಸುತ್ತಿರಬೇಕು. ಸ್ಪ್ರಿಂಗಿನ ತುದಿಯ ಪಿನ್ ಅನ್ನು ಹೇಳಿದಷ್ಟು ಸುತ್ತು ತಿರುಗಿಸಿ, ಬಿಚ್ಚಿಹೋಗದಂತೆ ಲಾಕ್ ಪಿನ್ ಚುಚ್ಚಿ, ಎರಡೂ ಬ್ರಾಕೆಟ್ಟಿಗೆ ಕೂರಿಸಿ, ಆಮೇಲೆ ಲಾಕ್ ಪಿನ್ ತೆಗೆಯಬೇಕು. ಸರಿಯಾಗಿದೆಯೇ ಎಂಬುದು ಚೈನಿನಲ್ಲೇ ಗೊತ್ತಾಗುತ್ತದೆ. ಏರಿಸುವುದು ಹೂವಿನಷ್ಟು ಹಗುರ, ಇಳಿಸುವುದು ಭಾರ ಎಂದರೆ ಸುತ್ತು ಹೆಚ್ಚಾಗಿದೆ. ಮೊದಲಿಂದ ಕೊನೆಯವರೆಗೆ ಏರಿಸುವುದು ಒಂದೇ ಸಮ ಭಾರ ಎಂದರೆ ಸುತ್ತು ಕಡಿಮೆ. ಮೇಲಿನ ಅರ್ಧ ಹಗುರ, ಕೆಳಗಿನ ಅರ್ಧ ಭಾರ ಎಂದರೆ ಸುತ್ತಿನ ತಪ್ಪಲ್ಲ, ತೆಳು ತಂತಿಯ ಸ್ಪ್ರಿಂಗ್ ಹಾಕಿದ್ದಾರೆ. ಇದನ್ನು ಎಷ್ಟು ಸುತ್ತು ಕೊಟ್ಟರೂ ಸರಿಮಾಡಲಾಗದು, ಬದಲಿಸಿಕೊಡಲು ಕೇಳಿ.

ವೆನೀಶಿಯನ್ ಬ್ಲೈಂಡ್ ಇದಕ್ಕೆಲ್ಲ ತಿರುಗುಮುರುಗು. ಇಳಿದಾಗ ಪಟ್ಟಿಗಳ ಭಾರವೆಲ್ಲ ಅವನ್ನು ಸಾಲಾಗಿ ಹಿಡಿದಿರುವ ಏಣಿದಾರದ ಮೇಲಿರುತ್ತದೆ, ಎತ್ತುವ ದಾರಕ್ಕೆ ಸಿಗುವುದು ಬಹುಪಾಲು ಕೆಳಪಟ್ಟಿಯ ತೂಕ ಮಾತ್ರ. ಏರಿಸುತ್ತ ಹೋದಂತೆ ಒಂದೊಂದೇ ಪಟ್ಟಿ ಕೆಳಪಟ್ಟಿಯ ಮೇಲೆ ಪೇರಿಕೊಳ್ಳುತ್ತದೆ. 25 ಮಿಮೀ ಅಲ್ಯೂಮಿನಿಯಂ ಪಟ್ಟಿಯ 1.2 ಮೀಟರ್ ಅಗಲ, 1.5 ಮೀಟರ್ ಉದ್ದದ ಬ್ಲೈಂಡ್‌ನಲ್ಲಿ ಕೆಳಗೆ 300 ಗ್ರಾಂ ಇದ್ದದ್ದು ಮೇಲೆ ಹೋಗುವಷ್ಟರಲ್ಲಿ ಒಂದೂವರೆ ಕೆಜಿ ದಾಟುತ್ತದೆ. ಅಂದರೆ ಭಾರ ಹೆಚ್ಚಿದಂತೆ ಸ್ಪ್ರಿಂಗ್ ಸಡಿಲವಾಗುತ್ತಿರುತ್ತದೆ. ಮಾಮೂಲಿ ಸುರುಳಿ ಸ್ಪ್ರಿಂಗ್ ಇಲ್ಲಿ ಪ್ರಯೋಜನಕ್ಕಿಲ್ಲ.

ಇದಕ್ಕೆ ಕಂಡುಕೊಂಡ ದಾರಿ ಚಪ್ಪಟೆ ಉಕ್ಕಿನ ಪಟ್ಟಿ. ಅಳತೆ ಟೇಪಿನೊಳಗೆ ಇರುವಂಥ ತೆಳು ಪಟ್ಟಿಯೊಂದು ಎರಡು ಉರುಳೆಗಳ ನಡುವೆ ಅತ್ತಿತ್ತ ಸುತ್ತಿಕೊಳ್ಳುತ್ತದೆ. ಮಾಡುವಾಗಲೇ ಪಟ್ಟಿಯ ಬಾಗನ್ನು ಉದ್ದಕ್ಕೂ ಬದಲಿಸುತ್ತ ಹೋದರೆ, ಬ್ಲೈಂಡ್ ಮೇಲಿದ್ದಾಗ ಬಲ ಹೆಚ್ಚು, ಕೆಳಗಿದ್ದಾಗ ಕಡಿಮೆ ಬರುವಂತೆ ಮಾಡಬಹುದು. ಒಳ್ಳೆಯ ತಯಾರಿಯಲ್ಲಿ ಹೀಗೆ ಮಾಡಿರುತ್ತಾರೆ. ಅಗ್ಗದ್ದರಲ್ಲಿ ಎಲ್ಲೆಡೆ ಒಂದೇ ಬಲದ ಪಟ್ಟಿ ಹಾಕಿ, ಉಳಿದ ವ್ಯತ್ಯಾಸವನ್ನು ದಾರದ ಉಜ್ಜಾಟಕ್ಕೆ ಒಪ್ಪಿಸಿಬಿಡುತ್ತಾರೆ. ದಾರ ನಾಲ್ಕಾರು ತಿರುವು ಸುತ್ತಿ ಬರುವುದರಿಂದ ಬ್ಲೈಂಡ್ ನಿಂತಂತೆ ಕಾಣುತ್ತದೆ. ಉಪಯೋಗಿಸಿ ದಾರ ನುಣುಪಾದ ಮೇಲೆ ಮೇಲಿಂದ ಒಂದು ಗೇಣು ತಾನಾಗಿ ಜಾರಿ ಇಳಿಯಲು ಶುರುಮಾಡುತ್ತದೆ.

ಹಾಗಾಗಿ ಅಂಗಡಿಯಲ್ಲಿ ಹೊಸದನ್ನು ನೋಡುವಾಗ ನಡುವೆ ನಿಲ್ಲಿಸಿ ತೃಪ್ತಿಪಡಬೇಡಿ. ಪೂರ್ತಿ ಮೇಲಿಂದ ಒಂದು ಗೇಣು ಕೆಳಗೆ, ಮತ್ತೆ ಪೂರ್ತಿ ಕೆಳಗಿಂದ ಒಂದು ಗೇಣು ಮೇಲೆ ನಿಲ್ಲಿಸಿ, ಕೆಳಪಟ್ಟಿಯನ್ನು ಬೆರಳಲ್ಲಿ ಒಮ್ಮೆ ತಟ್ಟಿ. ತಟ್ಟಿದ ಮೇಲೂ ನಿಂತರೆ ಸರಿ. 50 ಮಿಮೀ ಮರದ ಪಟ್ಟಿಯದು ಇದೇ ಅಳತೆಗೆ ಎರಡೂವರೆ ಕೆಜಿ ಮೀರುತ್ತದೆ. ನಾಲ್ಕಡಿಗಿಂತ ಅಗಲದ ಮರದ ವೆನೀಶಿಯನ್ ಅನ್ನು ಸ್ಪ್ರಿಂಗಿನಲ್ಲಿ ಕೊಳ್ಳುವುದು ನಮ್ಮ ಮಟ್ಟಿಗೆ ದುಡ್ಡು ದಂಡ. ಹನಿಕೋಂಬ್ ಹಾಗಲ್ಲ. ಅದೂ ಏರಿದಂತೆ ಪೇರಿಕೊಳ್ಳುತ್ತದೆ, ಆದರೆ ಬಟ್ಟೆ ಹಗುರವಾದ್ದರಿಂದ ಸ್ಪ್ರಿಂಗಿಗೆ ತಿಣುಕಾಟವಿಲ್ಲ. ಹಗ್ಗವಿಲ್ಲದ ಬ್ಲೈಂಡ್‌ಗಳಲ್ಲಿ ಕೈಗೆ ಅತ್ಯಂತ ಹಿತವೆನಿಸುವುದು ಅದೇ.

ಉದ್ದ ಹೆಚ್ಚಾಯಿತೆಂದು ವೆನೀಶಿಯನ್‌ನ ಕೆಳಗಿನ ಏಳೆಂಟು ಪಟ್ಟಿ ತೆಗೆಸುವುದು ನಮ್ಮಲ್ಲಿ ರೂಢಿ. ಚೈನು, ಹಗ್ಗದ ಬ್ಲೈಂಡ್‌ನಲ್ಲಿ ಅದರಿಂದ ತೊಂದರೆಯಿಲ್ಲ. ಸ್ಪ್ರಿಂಗಿನದ್ದರಲ್ಲಿ ತೂಕ ತಪ್ಪಿ, ಇಳಿಸಿದ ಬ್ಲೈಂಡ್ ರಾತ್ರಿ ತಾನಾಗಿ ಮೇಲೆ ತೆವಳುತ್ತದೆ. ತೆಗೆದ ಪಟ್ಟಿಗಳಷ್ಟೇ ತೂಕದ ಕಬ್ಬಿಣದ ಪಟ್ಟಿಯನ್ನು ಕೆಳಪಟ್ಟಿಯೊಳಗೆ ತೂರಿಸಿದರೆ ಸರಿಯಾಗುತ್ತದೆ. ಇನ್ನು ಒಂದೇ ಕೈಯಲ್ಲಿ ಒಂದು ಮೂಲೆ ಹಿಡಿದು ಏರಿಸಿದರೆ ದಾರ ಒಂದು ಕಡೆ ಹೆಚ್ಚು ಸುತ್ತಿ ಬ್ಲೈಂಡ್ ಓರೆಯಾಗುತ್ತದೆ. ಪೂರ್ತಿ ಕೆಳಗಿಳಿಸಿ, ನಡುವೆ ಹಿಡಿದು ಮತ್ತೆ ಏರಿಸಿದರೆ ಬಹುಪಾಲು ನೆಟ್ಟಗಾಗುತ್ತದೆ. ತಿಂಗಳುಗಟ್ಟಲೆ ಇಳಿಸಿಯೇ ಇಟ್ಟ ಹನಿಕೋಂಬ್ ಪೂರ್ತಿ ಮೇಲೇರದಿದ್ದರೆ ಸ್ಪ್ರಿಂಗ್ ಸತ್ತಿತೆಂದು ತಿಳಿಯಬೇಡಿ. ಕೈಯಲ್ಲೇ ಎತ್ತಿ ಮೇಲಕ್ಕೆ ಸೇರಿಸಿ, ಪೂರ್ತಿ ಇಳಿಸಿ, ಹೀಗೆ ಹತ್ತಾರು ಸಲ ಮಾಡಿದರೆ ಚೇತರಿಸಿಕೊಳ್ಳುತ್ತದೆ.

ಸ್ಪ್ರಿಂಗ್ ಬ್ಲೈಂಡ್‌ಗಳಿಗೆ ಈಗ ಇಷ್ಟು ಬೇಡಿಕೆ ಬರಲು ಅನುಕೂಲಕ್ಕಿಂತ ದೊಡ್ಡ ಕಾರಣ ಮಕ್ಕಳ ಸುರಕ್ಷೆ. ಚೈನಿನ ಕುಣಿಕೆ ಕತ್ತಿಗೆ ಸಿಕ್ಕಿ ಮಕ್ಕಳು ಸತ್ತ ಪ್ರಕರಣಗಳ ನಂತರ ಅಮೆರಿಕದ ಮಾನದಂಡ ರೆಡಿಮೇಡ್ ಬ್ಲೈಂಡ್‌ಗಳನ್ನು 2018ರ ಡಿಸೆಂಬರಿನಿಂದಲೂ, ಅಳತೆಗೆ ಮಾಡಿಸುವವನ್ನು 2024ರ ಜೂನ್‌ನಿಂದಲೂ ತೂಗಾಡುವ ಹಗ್ಗದಿಂದ ದೂರ ಮಾಡಿತು. ಸ್ವೀಡನ್ನಿನ ಪೀಠೋಪಕರಣ ಕಂಪನಿ ಐಕಿಯಾ ಅದಕ್ಕೂ ಮೊದಲೇ, 2016ರ ಹೊತ್ತಿಗೆ, ಕೈಗೆ ಸಿಗುವ ಹಗ್ಗದ ಬ್ಲೈಂಡ್ ಮಾರುವುದನ್ನು ನಿಲ್ಲಿಸಿತ್ತು. ಕೊಳ್ಳುವ ಮೊದಲು ಸ್ಪ್ರಿಂಗ್ ಬ್ಲೈಂಡ್ ಕೈಗೆ ಹೇಗಿರುತ್ತದೆ ಎಂದು ಬೆಂಗಳೂರಿನವರು ನಾಗಸಂದ್ರದ ಅವರ ಮಳಿಗೆಯಲ್ಲಿ ಎಳೆದು ನೋಡಬಹುದು. ಮನೆಯಲ್ಲಿ ಚೈನೇ ಇದ್ದರೆ ಯುರೋಪಿನ ಇಎನ್ 13120 ಮಾನದಂಡದ ನಿಯಮವನ್ನಾದರೂ ಪಾಲಿಸಿ: ಕುಣಿಕೆಯ ಕೆಳತುದಿ ನೆಲದಿಂದ ಒಂದೂವರೆ ಮೀಟರ್ ಮೇಲಿರಬೇಕು, ಇಲ್ಲವೇ ಗೋಡೆಗೆ ಬಿಗಿಯಾಗಿ ಹಿಡಿಸಿರಬೇಕು. ಬ್ಲೈಂಡ್ ಜೊತೆ ಬರುವ ಆ ಪುಟ್ಟ ಪ್ಲಾಸ್ಟಿಕ್ ಹಿಡಿಯನ್ನು ಫಿಟ್ಟರ್‌ಗಳು ಸಾಮಾನ್ಯವಾಗಿ ಕವರಿನಲ್ಲೇ ಬಿಟ್ಟು ಹೋಗುತ್ತಾರೆ. ಎರಡು ಸ್ಕ್ರೂ ಕೆಲಸ, ನಿಂತು ಹಾಕಿಸಿ.

ಮಂಗಳೂರು, ಉಡುಪಿ, ಕಾರವಾರದ ಕಡೆ ಮಾತ್ರ ಬೇರೆ ಎಚ್ಚರ ಬೇಕು. ಉಪ್ಪು ಗಾಳಿಗೆ ಮಾಮೂಲಿ ಉಕ್ಕಿನ ಸುರುಳಿ ತುಕ್ಕು ಹಿಡಿದು ಒರಟಾಗುತ್ತದೆ. ತುಕ್ಕಿನ ಗುಳಿಯಿಂದಲೇ ಬಿರುಕು ಶುರುವಾಗಿ ತಂತಿ ತುಂಡಾಗುತ್ತದೆ. ಕಡಲ ಕಡೆಯ ಕಿಟಕಿಗೆ ಸತು ಲೇಪದ ಅಥವಾ ಸ್ಟೇನ್‌ಲೆಸ್ ಸ್ಪ್ರಿಂಗ್ ಎಂದು ಸ್ಪಷ್ಟವಾಗಿ ಕೇಳಿ. ಸಿಗದಿದ್ದರೆ ಸ್ಪ್ರಿಂಗೇ ಇಲ್ಲದ ಸಣ್ಣ ಚೈನ್ ಬ್ಲೈಂಡ್ ಎರಡನ್ನು ಪಕ್ಕಪಕ್ಕ ಹಾಕುವುದು ಉತ್ತಮ. ಮಳೆ ತಡೆಯಲು ಬಾಲ್ಕನಿಗೆ ಹಾಕುವ, ಬಟ್ಟೆಯ ಎರಡೂ ಅಂಚು ಹಳಿಯೊಳಗೆ ಓಡುವ ಜಿಪ್ ಬ್ಲೈಂಡ್‌ನಲ್ಲಿ ಸ್ಪ್ರಿಂಗ್ ಹೋರಾಡುವುದು ತೂಕದ ಜೊತೆಗಿಂತ ಪಕ್ಕದ ಹಳಿಯ ಉಜ್ಜಾಟದ ಜೊತೆ. ಹಳಿಯಲ್ಲಿ ಮಣ್ಣು ಕೂತು ಭಾರವಾದಾಗ ಸ್ಪ್ರಿಂಗ್ ಬಿಗಿ ಮಾಡಿಸುವವರಿದ್ದಾರೆ. ಮೊದಲು ಹಳಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆದು ನೋಡಿ. ಬಿಗಿ ಹೆಚ್ಚಿಸಿದ ಮೇಲೆ ಹಳಿ ಚೊಕ್ಕ ಮಾಡಿದರೆ ಬ್ಲೈಂಡ್ ಕೆಳಗೆ ನಿಲ್ಲುವುದೇ ಇಲ್ಲ.

ಫಿಟ್ಟಿಂಗ್ ಮುಗಿದ ದಿನ ಫಿಟ್ಟರ್ ಜೇಬಿಗೆ ಹಾಕಿಕೊಂಡು ಹೋಗುವ ಲಾಕ್ ಪಿನ್‌ಗಳನ್ನು ಕೇಳಿ ಪಡೆದುಕೊಳ್ಳಿ. ಒಂದೊಂದು ಬ್ಲೈಂಡ್‌ನದನ್ನೂ ಅದರದೇ ಪೆಲ್ಮೆಟ್‌ನ (ಬ್ಲೈಂಡ್‌ನ ಮೇಲ್ಭಾಗ ಮರೆಮಾಡುವ ಪಟ್ಟಿ) ಒಳಬದಿಗೆ ಟೇಪಿನಲ್ಲಿ ಅಂಟಿಸಿ, ಪಕ್ಕದಲ್ಲಿ ಎಷ್ಟು ಸುತ್ತು ಕೊಟ್ಟಿದೆ ಎಂದು ಮಾರ್ಕರ್‌ನಲ್ಲಿ ಬರೆದಿಡಿ. ಗೋಡೆಗೆ ಬಣ್ಣ ಹೊಡೆಸಲು ಬ್ಲೈಂಡ್ ಇಳಿಸುವಾಗ ಆ ಪಿನ್ ಚುಚ್ಚದೆ ಬ್ರಾಕೆಟ್ಟಿನಿಂದ ಎತ್ತಿದರೆ ಕೊಟ್ಟ ಸುತ್ತೆಲ್ಲ ಒಂದೇ ಕ್ಷಣದಲ್ಲಿ ಬಿಚ್ಚಿಹೋಗುತ್ತದೆ.